ಬೇಡ ಎಂದ ಮೇಲೆ

ಮಧ್ಯಾಹ್ನದ ತಟ್ಟೆಗಳೆಲ್ಲ ವಾರ್ಡುಗಳಿಗೆ ಹೋದ ಮೇಲೆ ಆಸ್ಪತ್ರೆಯ ಅಡುಗೆಮನೆಯಲ್ಲಿ ಸ್ವಲ್ಪ ಹೊತ್ತು ಸದ್ದಡಗುತ್ತಿತ್ತು. ಆಮೇಲೆ ಹಿಂದಿನ ಕೋಣೆಯಿಂದ ನಗು ಕೇಳುತ್ತಿತ್ತು. ಅಡುಗೆಯವರು ತಮಗೆಂದು ಬೇರೆ ಪಾತ್ರೆಯಲ್ಲಿ ಬೇಯಿಸಿಕೊಂಡದ್ದನ್ನು ಉದ್ದನೆಯ ಮೇಜಿನ ಸುತ್ತ ಕೂತು ಉಣ್ಣುವ ಹೊತ್ತು ಅದು. ಆಗ ಅವಳು ಹೊರಗೆ ಮೆಟ್ಟಿಲ ಮೇಲೆ ಕೂತು, ಬೆಳಿಗ್ಗೆ ತಂದ ಡಬ್ಬಿಯನ್ನು ಬಿಚ್ಚುತ್ತಿದ್ದಳು. ಅನ್ನ ತಣ್ಣಗಾಗಿ ಉಂಡೆಗಟ್ಟಿರುತ್ತಿತ್ತು. ಅದನ್ನು ಚಮಚದಿಂದ ಒಡೆದು ತಿನ್ನುವಾಗ, ಒಳಗಿನ ನಗುವಿಗೆ ಕಾರಣವೇನಿರಬಹುದೆಂದು ಯೋಚಿಸುತ್ತಿದ್ದಳು.

ಊಟದ ವಿಷಯ ಓದಲೆಂದೇ ಅವಳು ಪರದೇಶಕ್ಕೆ ಬಂದಿದ್ದಳು. ಯಾರ ತಟ್ಟೆಗೆ ಏನು ಬೀಳಬೇಕೆಂದು ಯಾರು ತೀರ್ಮಾನಿಸುತ್ತಾರೆ? ವೈದ್ಯರೋ, ಗುತ್ತಿಗೆದಾರರೋ, ರೋಗಿಯೋ? ಇದು ಅವಳ ಪ್ರಬಂಧ; ಅದಕ್ಕಾಗಿ ದಿನವೂ ಈ ಅಡುಗೆಮನೆಗೆ ಬಂದು, ನೋಡಿದ್ದನ್ನು ಬರೆದುಕೊಳ್ಳುತ್ತಿದ್ದಳು. ಅವಳನ್ನು ಸಾಕಿ ಬೆಳೆಸಿದ ದೊಡ್ಡಮ್ಮನಿಗೆ ಇದನ್ನು ಫೋನಿನಲ್ಲಿ ವಿವರಿಸಿ ಹೇಳುವಷ್ಟರಲ್ಲಿ ಸಾಕುಸಾಕಾಗಿತ್ತು.

“ಊಟದ ರಾಜಕೀಯ ಕಲಿಯೋಕೆ ಅಷ್ಟು ದೂರ ಹೋಗ್ಬೇಕಿತ್ತೇನೇ? ನಾನು, ನನ್ನ ಓರಗಿತ್ತಿ ಒಂದೇ ಒಲೆ ಮುಂದೆ ಇದ್ವಲ್ಲ, ಆಗ ಬಂದು ಕೂತಿದ್ರೆ ನಿಂಗೆ ಎರಡೆರಡು ಡಿಗ್ರಿ ಸಿಕ್ತಿತ್ತು.”

“ನಾನಿನ್ನೂ ಹುಟ್ಟಿರಲಿಲ್ಲ ದೊಡ್ಡಮ್ಮ.”

“ಅದೇ ಆಗಿದ್ದು ತಪ್ಪು.”

ಫೋನು ಇಟ್ಟ ಮೇಲೆ ಕೋಣೆ ಇನ್ನಷ್ಟು ಸಣ್ಣದಾಗಿ ಕಾಣುತ್ತಿತ್ತು. ಒಂದು ಮಂಚ, ಒಂದು ಕುರ್ಚಿ, ಗೋಡೆಯಾಚೆ ಯಾರದೋ ನಲ್ಲಿಯ ಸದ್ದು. ಪಕ್ಕದ ಕೋಣೆಯವರ ಕೆಮ್ಮಿನ ಪರಿಚಯವಿತ್ತು, ಮುಖದ ಪರಿಚಯವಿರಲಿಲ್ಲ.

ಅಡುಗೆಮನೆಯಲ್ಲಿ ಅವಳಿಗೆ ‘ಬರೆಯೋಳು’ ಎಂದು ಹೆಸರು ಬಿದ್ದಿತ್ತು. ಯಾರೂ ಕೆಟ್ಟದಾಗಿ ನಡೆದುಕೊಂಡವರಲ್ಲ. ಒದ್ದೆ ನೆಲದಲ್ಲಿ ಜಾರೀತೆಂದು ಹಿರಿಯ ಅಡುಗೆಯವನು ಅವಳಿಗೆ ರಬ್ಬರಿನ ಚಪ್ಪಲಿ ಹುಡುಕಿ ಕೊಟ್ಟಿದ್ದ. ಉಪ್ಪಿಲ್ಲದ ಊಟಕ್ಕೆ ನೀಲಿ ಚೀಟಿ, ಮೆತ್ತಗಿನ ಊಟಕ್ಕೆ ಹಳದಿ ಚೀಟಿ ಎಂದು ತರಕಾರಿ ಹೆಚ್ಚುವವನು ತಾಳ್ಮೆಯಿಂದ ಹೇಳಿಕೊಟ್ಟಿದ್ದ. ವಾರ್ಡಿನಿಂದ ಮರಳಿದ ತಟ್ಟೆಗಳಲ್ಲಿ ಉಳಿದದ್ದೇನೆಂದು ಅವಳು ನೋಡಿ ಮುಗಿಸುವವರೆಗೆ ಪಾತ್ರೆ ತೊಳೆಯುವ ಹೆಂಗಸು ನೀರು ಬಿಡದೆ ಕಾಯುತ್ತಿದ್ದಳು. ಎಲ್ಲ ಸರಿ. ಊಟಕ್ಕೆ ಮಾತ್ರ ಯಾರೂ ಕರೆಯುತ್ತಿರಲಿಲ್ಲ.

ಮೊದಲ ದಿನ ಕರೆದಿದ್ದರು. ಹಿರಿಯ ಅಡುಗೆಯವನು ಸೌಟು ಹಿಡಿದೇ ಕೇಳಿದ್ದ, “ನಮ್ಮ ಜೊತೆ ಊಟ ಮಾಡ್ತೀರಾ?”

“ಅಯ್ಯೋ, ಬೇಡ ಬೇಡ,” ಅಂದಿದ್ದಳು ಅವಳು.

ನಮ್ಮ ಮನೆಗಳಲ್ಲಿ ಮೊದಲ ಬೇಡಕ್ಕೆ ಏನು ಬೆಲೆ? ಅದು ಮಾತಿಗೊಂದು ಪೀಠಿಕೆ. ಬಡಿಸುವವರು ‘ಹಾಗಂದ್ರೆ ಹೇಗೆ’ ಅನ್ನಬೇಕು, ಉಣ್ಣುವವರು ‘ಈಗ ತಾನೇ ಆಯ್ತು’ ಅನ್ನಬೇಕು, ಅಷ್ಟರಲ್ಲಿ ತಟ್ಟೆಗೆ ಅನ್ನ ಬಿದ್ದಿರಬೇಕು. ಅವಳು ಆ ಎರಡನೆಯ ಮಾತಿಗಾಗಿ ಕಾದು ನಿಂತಿದ್ದಳು. ಅವನು “ಸರಿ” ಎಂದು ತಲೆಯಾಡಿಸಿ ಒಳಗೆ ಹೋದ. ಸೌಟೂ ಹೋಯಿತು. ಮತ್ತೆ ಯಾರೂ ಕೇಳಲಿಲ್ಲ.

ಅವಳು ತನಗೆ ಗೊತ್ತಿದ್ದ ಉಪಾಯಗಳನ್ನೆಲ್ಲ ಮಾಡಿ ನೋಡಿದಳು. ಊಟದ ಹೊತ್ತಿಗೆ ಬಾಗಿಲ ಬಳಿ ಸುಳಿದಾಡಿದಳು. “ಇವತ್ತು ಡಬ್ಬಿ ತರೋಕೆ ಮರೆತೆ,” ಎಂದು ಗಾಳಿಗೆ ಹೇಳಿದಳು. “ಬೀದಿ ಕೊನೇಲಿ ಅಂಗಡಿ ಇದೆ, ಬೇಗ ಹೋಗಿ, ಮುಚ್ಚಿಬಿಡ್ತಾರೆ,” ಎಂದು ತರಕಾರಿ ಹೆಚ್ಚುವವನು ಕಾಳಜಿಯಿಂದಲೇ ಹೇಳಿದ. ಇನ್ನೊಂದು ದಿನ ಪಾತ್ರೆಯ ಹತ್ತಿರ ನಿಂತು, “ಎಷ್ಟು ಘಮಘಮ ಅಂತಿದೆ!” ಅಂದಳು. ನಮ್ಮಲ್ಲಾದರೆ ಆ ಮಾತಿಗೆ ತಟ್ಟೆ ಬರದೆ ಇರುತ್ತದೆಯೇ? ಹಿರಿಯ ಅಡುಗೆಯವನು ಸಂತೋಷಪಟ್ಟು, ಮುಚ್ಚಳ ಮುಚ್ಚಿದ.

ಅವಳಿಗೆ ಓದಿನಲ್ಲಿ ಗೈಡ್ ಆಗಿದ್ದ ಮೇಡಂ, ಅವಳು ಬರೆದದ್ದನ್ನೆಲ್ಲ ಓದಿ ಕನ್ನಡಕ ತೆಗೆದರು.

“ರೋಗಿಗಳ ಊಟದ ಬಗ್ಗೆ ಚೆನ್ನಾಗಿ ಬಂದಿದೆ. ಅಡುಗೆಯವರು ತಾವೇನು ತಿಂತಾರೆ? ತಿನ್ನುವಾಗ ಏನು ಮಾತಾಡ್ತಾರೆ? ಆ ಅಧ್ಯಾಯ ಇಲ್ಲದಿದ್ರೆ ಇದಕ್ಕೆ ಜೀವವೇ ಇಲ್ಲ.”

“ಅವರು ಊಟಕ್ಕೆ ಕರೆದಿಲ್ಲ ಮೇಡಂ.”

“ನೀನು ಕೇಳಿದ್ಯಾ?”

ಕೇಳುವುದೇ! ಹಸಿವಾದರೂ ಹಸಿವೆಂದು ಹೇಳಬಾರದು, ಬೇರೆಯವರ ಒಲೆಯ ಕಡೆ ಕಣ್ಣು ಹಾಯಿಸಬಾರದು ಎಂದು ದೊಡ್ಡಮ್ಮ ತೊಡೆಗೆ ಚಿವುಟಿ ಕಲಿಸಿದ ಪಾಠ. ಆದರೆ ಅವಳು ಹೆದರಿದ್ದು ಅಧ್ಯಾಯ ತಪ್ಪೀತೆಂದಷ್ಟೇ ಅಲ್ಲ. ಎದುರಿಗೊಬ್ಬರನ್ನು ಕೂರಿಸಿಕೊಂಡು ಉಂಡು ಎಷ್ಟು ಕಾಲವಾಯಿತೆಂದು ಅವಳಿಗೇ ನೆನಪಿರಲಿಲ್ಲ. ಕೇಳಿ, ಅವರು ಆಗದು ಅಂದುಬಿಟ್ಟರೆ, ಮೆಟ್ಟಿಲ ಮೇಲೆ ಕೂರಲೂ ಮುಖ ಉಳಿಯುತ್ತಿರಲಿಲ್ಲ.

ಮರುದಿನ ತಟ್ಟೆಗಳ ಗಾಡಿ ವಾರ್ಡುಗಳಿಗೆ ಹೋದ ಕೂಡಲೇ ಅವಳು ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತಳು. ಎಲ್ಲರೂ ತಿರುಗಿ ನೋಡಿದರು.

“ನಾನೂ ನಿಮ್ಮ ಜೊತೆ ಊಟಕ್ಕೆ ಕೂರಬಹುದಾ?”

ಪಾತ್ರೆ ತೊಳೆಯುವ ಹೆಂಗಸು ಚಮಚ ಕೆಳಗಿಟ್ಟಳು. “ಅವತ್ತು ಬೇಡ ಅಂದ್ರಲ್ಲ. ನಾವು ಮುಟ್ಟಿದ್ದು ನೀವು ತಿನ್ನೋಲ್ಲ ಅಂದ್ಕೊಂಡ್ವಿ. ಅಂಥೋರನ್ನ ಬೇಕಾದಷ್ಟು ನೋಡಿದ್ದೀನಿ, ಬಿಡಿ.”

ಇಷ್ಟು ದಿನವೂ ಇವರು ತನ್ನನ್ನು ಹಾಗೆ ತಿಳಿದಿದ್ದರು. ತಿಳಿದೂ ನೀರು ಬಿಡದೆ ಕಾದಿದ್ದರು, ಚಪ್ಪಲಿ ಹುಡುಕಿ ಕೊಟ್ಟಿದ್ದರು.

“ಅಯ್ಯೋ, ಹಾಗಲ್ಲ!” ಅಂದಳು. “ನಮ್ಮಲ್ಲಿ ಮೊದಲು ಬೇಡ ಅನ್ನಬೇಕು. ತಕ್ಷಣ ಹೂಂ ಅಂದ್ರೆ ಹೊಟ್ಟೆಬಾಕಿ ಅಂತಾರೆ. ನೀವು ಮತ್ತೆ ಕರೀತೀರಿ ಅಂತ ಕಾಯ್ತಿದ್ದೆ.”

“ಇಲ್ಲೀವರೆಗೂ?”

“ಇಲ್ಲೀವರೆಗೂ.”

ತರಕಾರಿ ಹೆಚ್ಚುವವನು ಮೊದಲು ನಕ್ಕ. “ನಿಮ್ಮ ಕಡೆ ಮದುವೆಗೂ ಹೀಗೇನಾ? ಮೊದಲು ಬೇಡ ಅಂತಾರಾ?”

“ಅದಕ್ಕೂ ಅಂತಾರೆ.”

“ನಾನೂ ಅನ್ನಬೇಕಿತ್ತು,” ಅಂದಳು ಪಾತ್ರೆ ತೊಳೆಯುವ ಹೆಂಗಸು. ಈಗ ಎಲ್ಲರೂ ನಕ್ಕರು.

ಹಿರಿಯ ಅಡುಗೆಯವನು ಮಾತ್ರ ಪೂರ್ತಿ ನಗಲಿಲ್ಲ. ಅವಳ ಕೈಯಲ್ಲಿದ್ದ ಪೆನ್ನು ಕಾಗದದ ಕಡೆ ನೋಡಿದ.

“ಬನ್ನಿ, ಕೂತ್ಕೊಳ್ಳಿ. ಆದ್ರೆ ಅದು ಹೊರಗಿರ್ಲಿ. ಇಲ್ಲಿ ಆಡಿದ ಮಾತು ಎಲ್ಲೂ ಬರೀಬಾರ್ದು. ದಿನಾ ಬೇರೆಯವರ ಚೀಟಿ ನೋಡ್ಕೊಂಡು ಬಡಿಸ್ತೀವಿ. ಇದೊಂದು ಊಟ ನಮ್ಮದು.”

ಅವಳು ಬಾಗಿಲಲ್ಲಿ ಒಂದು ಗಳಿಗೆ ತಡೆದಳು. ಆ ಅಧ್ಯಾಯ ಮೇಜಿನ ಮೇಲೆ ಹಬೆಯಾಡುತ್ತಿತ್ತು. ಆಮೇಲೆ ಪೆನ್ನು ಕಾಗದವನ್ನು ಚೀಲಕ್ಕೆ ಹಾಕಿ, ಚೀಲವನ್ನು ಹೊರಗಿನ ಮೊಳೆಗೆ ತೂಗುಹಾಕಿ ಬಂದು ಕೂತಳು.

ಬೇಳೆ, ಗೆಡ್ಡೆ ಹಾಕಿ ಗಟ್ಟಿಯಾಗಿ ಕುದಿಸಿದ್ದನ್ನು ಬಡಿಸಿದರು. ಬಿಸಿ ನಾಲಿಗೆಗೆ ತಾಗಿ ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲಿದ್ದ ಪಾತ್ರೆ ತೊಳೆಯುವ ಹೆಂಗಸು ಅದನ್ನು ನೋಡಿಯೂ ನೋಡದವಳಂತೆ ನೀರಿನ ಲೋಟವನ್ನು ಇತ್ತ ಸರಿಸಿದಳು. ಆಮೇಲೆ ಅವರೆಲ್ಲ ಏನೇನು ಮಾತಾಡಿದರೆಂದು ಅವಳು ಬರೆಯಲಿಲ್ಲ, ನಾನೂ ಬರೆಯುವುದಿಲ್ಲ.

“ಕೂತ್ಯಾ?” ಎಂದು ಕೇಳಿದರು ಮೇಡಂ ಮುಂದಿನ ಭೇಟಿಯಲ್ಲಿ.

“ಕೂತೆ ಮೇಡಂ. ದಿನಾ ಕೂರ್ತೀನಿ.”

“ಮತ್ತೆ ಅಧ್ಯಾಯ?”

“ಬರೆಯೋಲ್ಲ. ಮಾತು ಕೊಟ್ಟಿದ್ದೀನಿ.”

“ಪ್ರಬಂಧ ತೆಳ್ಳಗಾಗುತ್ತೆ. ಪರೀಕ್ಷಕರು ಬಿಡೋಲ್ಲ, ಗೊತ್ತಲ್ಲ?”

“ಗೊತ್ತು.”

ಮೇಡಂ ಬಹಳ ಹೊತ್ತು ಕಾಗದ ತಿರುವಿದರು. ಕೊನೆಗೆ ಗಡಿಯಾರ ನೋಡಿ, “ನಿನ್ನ ಬಸ್ಸಿನ ಹೊತ್ತಾಯ್ತಲ್ಲ, ಹೊರಡು,” ಅಂದರು, ಅಷ್ಟೇ.

ಬಸ್ಸಿನಲ್ಲಿ ಅಪರಿಚಿತರ ನಡುವೆ ಕಂಬಿ ಹಿಡಿದು ನಿಂತಾಗ ಅವಳಿಗೆ ಭಯವಾಯಿತು. ಅಧ್ಯಾಯವಂತೂ ಹೋಯಿತು; ಸಂಜೆಗೆ ಮತ್ತೆ ಅದೇ ಕೋಣೆ, ಅದೇ ಗೋಡೆಯಾಚೆಯ ಕೆಮ್ಮು. ಆಸ್ಪತ್ರೆ ತಲುಪುವಾಗ ತಡವಾಗಿತ್ತು. ಅವರು ಆಗಲೇ ಉಣ್ಣತೊಡಗಿದ್ದರು. ಯಾರೂ ಅವಳಿಗೆ ಕಾದಿರಲಿಲ್ಲ, ಯಾರೂ ಬಾ ಎನ್ನಲಿಲ್ಲ. ತರಕಾರಿ ಹೆಚ್ಚುವವನು ತನ್ನ ಅತ್ತೆಯ ಮೇಲಿನ ದೂರನ್ನು ಮುಂದುವರಿಸುತ್ತಲೇ, ಬೆಂಚಿನ ಮೇಲೆ ಒಂದಿಷ್ಟು ಆಚೆ ಸರಿದ.