ಪರೀಕ್ಷಕರಿಗೆ ಮಡಿಲಕ್ಕಿ

ಬಸ್ಸು ಗುಂಡಿಗಿಳಿದು ಎದ್ದಾಗಲೆಲ್ಲ ಮಧುಶ್ರೀಯ ತೊಡೆಯ ಮೇಲಿದ್ದ ಬಟ್ಟೆಚೀಲದೊಳಗಿನ ತೆಂಗಿನಕಾಯಿ ಹೊರಳಿ ಅವಳ ಹೊಟ್ಟೆಗೆ ಗುದ್ದುತ್ತಿತ್ತು. ಚೀಲವನ್ನು ಎರಡೂ ಕೈಯಿಂದ ಅವುಚಿಕೊಂಡು ಕೂತಿದ್ದಳು. ಒಳಗೆ ಏನೇನಿದೆ ಎಂದು ಅವಳಿಗೆ ಗೊತ್ತಿತ್ತು. ಅಕ್ಕಿ, ಅಚ್ಚುಬೆಲ್ಲ, ಜುಟ್ಟು ಬಿಟ್ಟು ಸುಲಿದ ಕಾಯಿ, ವೀಳ್ಯದೆಲೆ, ಅಡಿಕೆ, ಅರಿಸಿನದ ಕೊಂಬು, ಕುಂಕುಮದ ಭರಣಿ, ಹಸಿರು ರವಿಕೆ ಕಣ. ಬೆಳಿಗ್ಗೆ ಅತ್ತಿಗೆ ಗಾನವಿ ಅಣ್ಣ ಜ್ಞಾನೇಶನ ಬೈಕು ಹತ್ತಿ ಹೊರಟು, ಬೈಕಿನ ಸದ್ದು ತೋಟದ ತಿರುವಿನಲ್ಲಿ ಅಡಗಿದ ಮೇಲೆಯೇ ಅಮ್ಮ ದ್ರಾಕ್ಷಾಯಣಮ್ಮ ಇದನ್ನೆಲ್ಲ ಚೀಲಕ್ಕೆ ತುಂಬಿದ್ದಳು.

“ನಿಮ್ಮತ್ಗೆಗೆ ಹೇಳ್ಬ್ಯಾಡ ಕಣೇ. ಬ್ಯಾಡ ಅಂದ್ಬುಡ್ತಾಳೆ,” ಎಂದಿದ್ದಳು.

ಅವತ್ತು ತಿಪಟೂರಿನ ಕಾಲೇಜಿನಲ್ಲಿ ಗಾನವಿಯ ಎಂ.ಎಡ್. ಪ್ರಬಂಧದ ವೈವಾ. ಎರಡು ವರ್ಷ ಓದಿ, ಬರೆದು, ರಟ್ಟು ಹಾಕಿಸಿ ಒಪ್ಪಿಸಿದ ಪ್ರಬಂಧದ ಮೇಲೆ ಪರೀಕ್ಷಕರು ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳುತ್ತಾರೆ. ಬೇರೆ ವಿಶ್ವವಿದ್ಯಾಲಯದಿಂದ ಗಿರಿಜಾಂಬಿಕಾ ಎಂಬ ಮೇಡಂ ಬರುತ್ತಾರಂತೆ, ಬಲು ಬಿಗಿಯಂತೆ ಎಂದು ಗೊತ್ತಾದಾಗಿನಿಂದ ಗಾನವಿ ಸರಿಯಾಗಿ ಉಂಡಿರಲಿಲ್ಲ. ಇದೊಂದು ಮುಗಿದರೆ ಚಿಕ್ಕನಾಯಕನಹಳ್ಳಿ ಕಡೆಯ ಬಿ.ಎಡ್. ಕಾಲೇಜೊಂದರವರು ಜೂನ್‌ನಿಂದಲೇ ಪಾಠಕ್ಕೆ ಬನ್ನಿ ಎಂದಿದ್ದರು. ವೈವಾ ನಡೆಯುವಾಗ ಮನೆಯವರೂ ಬಂದು ಹಿಂದಿನ ಬೆಂಚಿನಲ್ಲಿ ಕೂರಬಹುದು ಎಂಬ ನಿಯಮವಿದೆಯೆಂದು ಗಾನವಿಯೇ ಹೇಳಿದ್ದಳು. ದ್ರಾಕ್ಷಾಯಣಮ್ಮನ ಮನಸ್ಸಿಗೆ ನಾಟಿದ್ದು ಬೇರೆ. ಒಬ್ಬ ಮುತ್ತೈದೆ ತನ್ನ ಸೊಸೆಗೋಸ್ಕರ ಅಷ್ಟು ದೂರದಿಂದ ಬರುತ್ತಾಳೆ. ಬಂದವಳು ಬರಿ ಮಡಿಲಲ್ಲಿ ವಾಪಸು ಹೋದರೆ ಸೊಸೆಗೆ ಒಳ್ಳೆಯದಾಗುವುದಾದರೂ ಹೇಗೆ?

ಆದರೆ ಕಾಲೇಜಿನವರು ಕೊಟ್ಟಿದ್ದ ನಿಯಮಗಳ ಪುಸ್ತಕದಲ್ಲಿ ಇನ್ನೊಂದು ಮಾತೂ ಇತ್ತು. ಸಂಜೆ ಹೊತ್ತು ಮಧುಶ್ರೀ ಮುದ್ದೆ ತಿರುವುತ್ತಿದ್ದರೆ ಗಾನವಿ ಅಡುಗೆಮನೆ ಹೊಸಿಲ ಮೇಲೆ ಕೂತು ಅದನ್ನು ಓದಿ ಹೇಳಿ ನಗುತ್ತಿದ್ದಳು. ಹಾಜರಿಗೆ ಒಂದು ನಿಯಮ, ಪ್ರಬಂಧದ ಅಂಚಿನಲ್ಲಿ ಬಿಡಬೇಕಾದ ಜಾಗಕ್ಕೊಂದು ನಿಯಮ, ರಟ್ಟಿನ ಬಣ್ಣಕ್ಕೂ ಒಂದು. ಅಮ್ಮ ಹಾಲು ಕರೆಯಲು ಕೊಟ್ಟಿಗೆಗೆ ಹೋಗಿದ್ದ ಒಂದು ಸಂಜೆ ಓದಿದ ನಿಯಮ ಇದು: ಅಂಕಗಳನ್ನು ಕವರಿಗೆ ಹಾಕಿ ಅಂಟಿಸುವ ತನಕ ಅಭ್ಯರ್ಥಿಯಾಗಲಿ, ಅವರ ಕಡೆಯವರಾಗಲಿ ಪರೀಕ್ಷಕರಿಗೆ ಏನನ್ನೂ ಕೊಡುವಂತಿಲ್ಲ. ಕೊಟ್ಟರೆ ವೈವಾ ರದ್ದು. ಮತ್ತೆ ಮುಂದಿನ ವರ್ಷವೇ.

“ಒಂದ್ಲೋಟ ಮಜ್ಜಿಗೇನೂ ಕೊಡಂಗಿಲ್ಲ ಕಣೇ ಮಧು. ನಮ್ಮನೇಲಿ ಅಂಚೆಯವ್ನೂ ಹಂಗೆ ಹೋಗಲ್ಲ,” ಎಂದು ಗಾನವಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಈಗ ಅದನ್ನು ಮಧುಶ್ರೀ ಅಮ್ಮನಿಗೆ ಹೇಳಬೇಕು. ಬಸ್ಸು ಹತ್ತುವಾಗ ಹೇಳಬೇಕೆಂದುಕೊಂಡಳು, ಅಷ್ಟರಲ್ಲಿ ಅಮ್ಮ ಕಿಟಕಿ ಪಕ್ಕದ ಸೀಟಿಗೆ ಯಾರೊಂದಿಗೋ ಜಗಳಕ್ಕೆ ನಿಂತಿದ್ದಳು. ಸೀಟು ಸಿಕ್ಕ ಮೇಲೆ ಹೇಳಬೇಕೆಂದುಕೊಂಡಳು, ಜಗಳವಾಡಿದ ಹೆಂಗಸೇ ದೂರದ ನೆಂಟಳಾಗಿಬಿಟ್ಟಿದ್ದಳು. ಅಟ್ಟದ ಮೇಲೆ ಒಣಗಿದ ಕಾಯಿಯೊಳಗೆ ಕೊಬ್ಬರಿ ಗಿಟಕು ಉರುಳಾಡುವ ಹಾಗೆ ಮಾತು ಅವಳೊಳಗೇ ಉರುಳಾಡುತ್ತಿತ್ತು.

ಹೊರಗೆ ಬರದ ಮಾತು ಮಧುಶ್ರೀಗೆ ಹೊಸದಲ್ಲ. ಒಂಬತ್ತನೇ ತರಗತಿಯಲ್ಲಿ ಅವಳು ಶಾಲೆ ಬಿಟ್ಟಿದ್ದಳು. ಬಿಡಿಸಿದವರು ಯಾರೂ ಇಲ್ಲ. ಒಂದು ದಿನ ಮೇಷ್ಟರು ಎದ್ದು ನಿಂತು ಪಾಠ ಓದೆಂದಾಗ ಮೊದಲ ಪದವೇ ಗಂಟಲಲ್ಲಿ ಕಚ್ಚಿಕೊಂಡಿತು. ಪಕ್ಕದವಳು ನಕ್ಕಳು, ಆಮೇಲೆ ಎಲ್ಲರೂ ನಕ್ಕರು. ಮಾರನೆಯ ದಿನ ಹೊಟ್ಟೆನೋವೆಂದು ಮಲಗಿದಳು. ಆ ಹೊಟ್ಟೆನೋವು ವಾಸಿಯಾಗಲೇ ಇಲ್ಲ. ಮನೆಗೆಲಸ, ತೋಟ, ಕೊಬ್ಬರಿ ಸುಲಿಯುವ ಕಾಲದಲ್ಲಿ ಆಳುಗಳಿಗೆ ಅಡುಗೆ, ಇದರಲ್ಲಿ ದಿನ ಕಳೆದವು. ಮನೆಗೆ ಬಂದವರು ಹೋದವರನ್ನು ಬಾಗಿಲ ಸಂದಿನಿಂದ ನೋಡಿ ಅವರ ಮನಸ್ಸಿನಲ್ಲಿರುವುದನ್ನೆಲ್ಲ ತಿಳಿದುಕೊಳ್ಳುತ್ತಿದ್ದಳು, ಬಾಯಿ ಬಿಡುತ್ತಿರಲಿಲ್ಲ. ಸೊಸೆಯಾಗಿ ಬಂದ ಗಾನವಿ ಒಮ್ಮೆಯೂ ಯಾಕೆ ಶಾಲೆ ಬಿಟ್ಟೆ ಎಂದು ಕೇಳಲಿಲ್ಲ. ಆದರೆ ಪ್ರಬಂಧಕ್ಕೆ ಅವಳು ಆರಿಸಿಕೊಂಡ ವಿಷಯ ತರಗತಿಯಲ್ಲಿ ಮಾತಾಡದ ಮಕ್ಕಳು. ಬರೆದದ್ದನ್ನೆಲ್ಲ ಕಾಯಿ ರಾಶಿಯ ಎದುರು ನಿಂತು ಮಧುಶ್ರೀಗೆ ಒಪ್ಪಿಸುತ್ತಿದ್ದಳು. ಒಂದೆರಡು ಕಡೆ ಮಧುಶ್ರೀ ತಲೆ ಅಡ್ಡಡ್ಡ ಆಡಿಸಿದ್ದಕ್ಕೆ ಇಡೀ ಪುಟವನ್ನೇ ಹೊಡೆದು ಹಾಕಿ ಮತ್ತೆ ಬರೆದದ್ದೂ ಉಂಟು.

ಕಾಲೇಜಿನ ಗೇಟಿನೊಳಗೆ ಕಾಲಿಡುವಾಗಲೂ ಚೀಲ ಮಧುಶ್ರೀಯ ಕೈಯಲ್ಲೇ ಇತ್ತು. ಹಜಾರ ಗುಡಿಸುತ್ತಿದ್ದ ಹೆಂಗಸೊಬ್ಬಳು ಪೊರಕೆ ಗೋಡೆಗೊರಗಿಸಿ ಎದುರು ಬಂದಳು. ದುಡ್ಡಗಲ ಕುಂಕುಮ, ಸೊಂಟಕ್ಕೆ ಸಿಕ್ಕಿಸಿದ ಸೆರಗು.

“ಗಾನವಿ ಮೇಡಮ್ಮೋರ ಮನೆಯೋರಾ? ಮುಖದಲ್ಲೇ ಗೊತ್ತಾಯ್ತದೆ ಬುಡಿ.”

“ಅವ್ಳು ನನ್ ಸೊಸೆ ಕಣವ್ವ. ನನ್ ಮುಖ ಅವ್ಳಿಗೆ ಹೆಂಗ್ ಬತ್ತದೆ?” ಎಂದಳು ದ್ರಾಕ್ಷಾಯಣಮ್ಮ. ಹಾಗೆಂದರೂ ಅವಳಿಗೆ ಖುಷಿಯಾಗಿತ್ತು.

ಆ ಹೆಂಗಸು ರಂಗಕ್ಕ. ಬಸ್ಸಿನ ಗಡಿಬಿಡಿಯಲ್ಲಿ ಗಾನವಿ ಬುತ್ತಿ ಮರೆತು ಬಂದ ದಿನಗಳಲ್ಲಿ ತನ್ನ ಡಬ್ಬಿಯ ರೊಟ್ಟಿಯಲ್ಲಿ ಅರ್ಧ ಮುರಿದು ಕೊಟ್ಟವಳು. ಮನೆಯಲ್ಲಿ ಅವಳ ಹೆಸರು ಬಳಕೆಯಲ್ಲಿತ್ತು, ಮುಖ ಕಂಡಿದ್ದು ಇವತ್ತು. ಅವಳೇ ಇಬ್ಬರನ್ನೂ ಕರೆದೊಯ್ದು ಕೋಣೆಯ ಕೊನೆಯ ಬೆಂಚಿನಲ್ಲಿ ಕೂರಿಸಿದಳು.

ಗಾನವಿ ಬೂದು ಬಣ್ಣದ ಸೀರೆಯುಟ್ಟು ಮೇಜಿನ ಮುಂದೆ ನಿಂತಿದ್ದಳು. ಎದುರಿಗೆ ಗಿರಿಜಾಂಬಿಕಾ ಮೇಡಂ, ತೆಳ್ಳನೆಯ ಹೆಂಗಸು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಪುಟ ತಿರುವುತ್ತಿದ್ದರು. ಪಕ್ಕದಲ್ಲಿ ಗಾನವಿಗೆ ಮಾರ್ಗದರ್ಶನ ಮಾಡಿದ ಹಾಲಸ್ವಾಮಿ ಸರ್, ವೈವಾ ತಮಗೇ ಎಂಬಂತೆ ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತಿದ್ದರು. ಗಾನವಿ ಚೆನ್ನಾಗಿಯೇ ಉತ್ತರ ಕೊಡುತ್ತಿದ್ದಳು. ಎಲ್ಲಿ ನಿಲ್ಲಿಸುತ್ತಾಳೆ, ಎಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆ ಎಂಬುದೂ ಮಧುಶ್ರೀಗೆ ಮೊದಲೇ ಗೊತ್ತಿತ್ತು. ಮೇಡಂ ಮಾತ್ರ ನಗಲೂ ಇಲ್ಲ, ಹೂಂ ಎನ್ನಲೂ ಇಲ್ಲ. ಕೊನೆಗೆ ಪ್ರಬಂಧವನ್ನು ಮುಚ್ಚಿ ಅದರ ಮೇಲೆ ಕೈಯಿಟ್ಟರು.

“ಮಾತಾಡದ ಮಗು ಯಾಕೆ ಮಾತಾಡಲ್ಲ ಅಂತ ಇಷ್ಟು ಪುಟ ಬರೆದಿದೀರ. ಚೆನ್ನಾಗಿದೆ. ಅದು ಯಾವಾಗ ಮಾತಾಡುತ್ತೆ? ಅದೆಲ್ಲಿದೆ ಇದ್ರಲ್ಲಿ?”

ಗಾನವಿ ಮೇಜಿನ ಮೇಲಿದ್ದ ಪ್ರಬಂಧದ ಕಡೆ ನೋಡಿದಳು. ಈ ಪ್ರಶ್ನೆ ಕಾಯಿ ರಾಶಿಯ ಮುಂದೆ ಬಂದಿರಲಿಲ್ಲ. ಹಾಲಸ್ವಾಮಿ ಸರ್ ಕರವಸ್ತ್ರವನ್ನು ಮಡಿಸಿ ಮತ್ತೆ ಬಿಡಿಸಿದರು. ಮೇಡಂ ಗಡಿಯಾರ ನೋಡಿ, ಟೀ ಕುಡಿದು ಬರೋಣ, ಅಷ್ಟರಲ್ಲಿ ಯೋಚನೆ ಮಾಡಿ ಎಂದು ಎದ್ದರು.

ದ್ರಾಕ್ಷಾಯಣಮ್ಮನೂ ಎದ್ದಳು.

“ಆಯಮ್ಮನ ಮುಖ ನೋಡ್ದೇನೆ? ಬಾಡೋಗೈತೆ. ಯಾವೂರಿಂದ ಬಂದವ್ಳೋ ಏನೋ, ಒಬ್ರಾದ್ರೂ ಉಪಚಾರ ಮಾಡವ್ರಾ? ಕೊಡಿಲ್ಲಿ ಚೀಲ.”

ಮಧುಶ್ರೀ ಚೀಲ ಬಿಡಲಿಲ್ಲ. ಬೇಡ ಎಂಬಂತೆ ಹಿಡಿಯನ್ನು ಜಗ್ಗಿದಳು. ಚೀಲ ಹೊರಲು ತಾನೇ ಬರುತ್ತೇನೆನ್ನುತ್ತಿದ್ದಾಳೆ ಮಗಳು ಎಂದುಕೊಂಡು ಅಮ್ಮ ಮೆಲ್ಲಗೆ ಅವಳ ಬೆರಳು ಬಿಡಿಸಿ ಚೀಲ ತೆಗೆದುಕೊಂಡು ಹೊರಟೇಬಿಟ್ಟಳು.

ಮೇಡಂ ಹಜಾರದ ತುದಿಯ ನಲ್ಲಿಯಲ್ಲಿ ಕೈತೊಳೆಯುತ್ತಿದ್ದರು. ಮಧುಶ್ರೀ ಹಿಂದೆಯೇ ಓಡಿ ಬರುವಷ್ಟರಲ್ಲಿ ಅಮ್ಮ ಚೀಲವನ್ನು ಕಟ್ಟೆಯ ಮೇಲಿಟ್ಟು, ಎರಡು ಕೈ ತುಂಬ ಅಕ್ಕಿ ಬಾಚಿಕೊಂಡು, ಅದರ ಮೇಲೆ ಕಾಯಿ ಕೂರಿಸಿಕೊಂಡು ನಿಂತಾಗಿತ್ತು.

“ಮೇಡಮ್ಮೋರೆ, ಒಂಚೂರು ಸೆರಗೊಡ್ಡಿ.”

ಹಜಾರದಲ್ಲಿದ್ದವರೆಲ್ಲ ತಿರುಗಿದರು. ತಮ್ಮ ಸರದಿಗೆ ಕಾಯುತ್ತಿದ್ದ ಹುಡುಗಿಯರು ಕತ್ತು ಚಾಚಿದರು. ಹಾಲಸ್ವಾಮಿ ಸರ್ ಅವರ ಟೀ ಲೋಟ ತುಟಿಯ ಹತ್ತಿರವೇ ನಿಂತಿತು. ಕೋಣೆಯ ಬಾಗಿಲಲ್ಲಿ ಗಾನವಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಮೇಡಂ ಒದ್ದೆ ಕೈಯನ್ನು ಹಾಗೇ ಮುಂದೆ ಹಿಡಿದುಕೊಂಡು, ಮುಂದಕ್ಕೂ ಇಲ್ಲ ಹಿಂದಕ್ಕೂ ಇಲ್ಲ ಎಂಬಂತೆ ನೋಡುತ್ತಿದ್ದರು. ಮಧುಶ್ರೀ ಇದನ್ನೆಲ್ಲ ಒಂದೇ ನೋಟಕ್ಕೆ ಕಂಡಳು. ಅಮ್ಮ ಹಿಂದೆ ಬಾ ಎಂದರೆ ಬರುವವಳಲ್ಲ. ಮಡಿಲಿಗೆಂದು ಬೊಗಸೆಗೆ ತೆಗೆದ ಅಕ್ಕಿಯನ್ನು ತಿರುಗಿ ಚೀಲಕ್ಕೆ ಸುರಿಯುವುದೆಂದರೆ ಅವಳ ಪಾಲಿಗೆ ಸೊಸೆಯ ಅದೃಷ್ಟವನ್ನೇ ಚೆಲ್ಲಿದ ಹಾಗೆ. ಆ ಅಕ್ಕಿ ಯಾವುದಾದರೊಂದು ಮಡಿಲಿಗೆ ಬೀಳಲೇಬೇಕು. ಕಂಬದ ಪಕ್ಕ ಟೀ ಕೆಟಲು ಹಿಡಿದುಕೊಂಡು ರಂಗಕ್ಕ ನಿಂತಿದ್ದಳು.

“ಅಮ್ಮಾ.”

ಆ ದನಿ ಅಷ್ಟು ಜೋರಾಗಿ ಬಂದೀತೆಂದು ಮಧುಶ್ರೀಗೇ ಗೊತ್ತಿರಲಿಲ್ಲ. ಹಜಾರದ ಇನ್ನೊಂದು ತುದಿಗೆ ಹೋಗಿ ತಾಗಿತು.

“ಅದು ಮೇಡಮ್ಮೋರ್ಗಲ್ಲ. ರಂಗಕ್ಕುಂಗೆ. ರಂಗಕ್ಕುನ್ ಮಡ್ಲಿಗೆ ತುಂಬು.”

ದ್ರಾಕ್ಷಾಯಣಮ್ಮ ತಿರುಗಿದಳು. ಮಗಳು ಹೇಳಿದ್ದಕ್ಕಿಂತ, ಹೇಳಿದವಳು ಮಗಳು ಎಂಬುದೇ ಅವಳಿಗೆ ಆಶ್ಚರ್ಯವಾದಂತಿತ್ತು.

“ಏನಂದೆ?”

“ಕವರ್ ಅಂಟ್ಸೋ ತನ್ಕ ಮೇಡಮ್ಮೋರ್ಗೆ ನಮ್ಮ ಕಡೆಯೋರು ಏನೂ ಕೊಡಂಗಿಲ್ಲ. ರೂಲ್ಸು ಅದು. ಕೊಟ್ರೆ ಅತ್ಗೆ ಇನ್ನೊಂದ್ವರ್ಷ ಕಾಯ್ಬೇಕು.” ಉಸಿರು ತೆಗೆದುಕೊಂಡಳು. ಇನ್ನೂ ಮಾತು ಉಳಿದಿತ್ತು, ಅದೂ ಬಂತು. “ರಂಗಕ್ಕ ರೊಟ್ಟಿ ಕೊಟ್ಟವ್ರೆ. ಅವ್ರಿಗೆ ನಾವಿನ್ನೂ ಏನೂ ಕೊಟ್ಟಿಲ್ಲ.”

ಮೇಡಂ ಕೈಯನ್ನು ನಿಧಾನವಾಗಿ ಒರೆಸಿಕೊಂಡರು. ಮಧುಶ್ರೀಯನ್ನು ನೋಡಿದರು, ರಂಗಕ್ಕನನ್ನು ನೋಡಿದರು. ಆಮೇಲೆ ಕಾಂಪೌಂಡಿನಾಚೆಯ ಮರಗಳ ಕಡೆ ಬಹಳ ಆಸಕ್ತಿಯಿಂದ ಕಣ್ಣು ಹಾಯಿಸಿ, “ನಿಮ್ಮ ಕಡೆ ತೆಂಗು ಚೆನ್ನಾಗಿದೆ ಹಾಲಸ್ವಾಮಿಯವರೆ,” ಎನ್ನುತ್ತ ಕೋಣೆಯ ಕಡೆ ನಡೆದರು. ಹಾಲಸ್ವಾಮಿ ಸರ್, ಹೌದು ಮೇಡಂ, ಬಲು ಚೆನ್ನಾಗಿದೆ ಮೇಡಂ ಎಂದು ಟೀ ಚೆಲ್ಲಿಕೊಳ್ಳುತ್ತ ಹಿಂದೆ ಓಡಿದರು.

ದ್ರಾಕ್ಷಾಯಣಮ್ಮನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಬೊಗಸೆ ಹಾಗೆಯೇ ಕಂಬದ ಕಡೆ ತಿರುಗಿತು. “ಕೆಟ್ಲು ಕೆಳಗಿಡೇ ತಾಯಿ. ನಂಗೆ ಕೈ ಸೋಲ್ತಾವೆ.”

ರಂಗಕ್ಕ ಬೇಡ ಬೇಡವೆನ್ನುತ್ತಲೇ ಕೆಟಲು ಕೆಳಗಿಟ್ಟಳು. ಸೊಂಟದಿಂದ ಸೆರಗು ಬಿಡಿಸಿ ಒಡ್ಡಿದಳು. ಅಕ್ಕಿ ಬಿತ್ತು, ಕಾಯಿ ಬಿತ್ತು, ಬೆಲ್ಲ, ಎಲೆ, ಅಡಿಕೆ, ಅರಿಸಿನ ಬಿದ್ದವು. ಹಸಿರು ಕಣವನ್ನು ಮೇಲಿಟ್ಟು ಹಣೆಗೆ ಕುಂಕುಮ ಹಚ್ಚಿದಾಗ ಸಾಲಾಗಿ ನಿಂತಿದ್ದ ಹುಡುಗಿಯರಲ್ಲಿ ಯಾರೋ ಚಪ್ಪಾಳೆ ತಟ್ಟಿದರು.

“ನನ್ ತವರ್ನಲ್ಲಿ ಈಗ ಯಾರೂ ಇಲ್ಲ ಕಣಕ್ಕ,” ಎಂದಳು ರಂಗಕ್ಕ. ದನಿ ಒದ್ದೆಯಾಗಿತ್ತು, ಮುಖ ನಗುತ್ತಿತ್ತು. ಪದ್ಧತಿಯಂತೆ ಮಡಿಲಿನಿಂದ ಒಂದು ಚಿಟಿಕೆ ಅಕ್ಕಿ ತೆಗೆದು ತಿರುಗಿ ಚೀಲಕ್ಕೆ ಹಾಕಿದಳು.

ವೈವಾ ಮತ್ತೆ ಶುರುವಾದಾಗ ಅಮ್ಮ ಒಳಗೆ ಹೋಗಿ ಕೂತಳು. ಮಧುಶ್ರೀ ಹೊರಗೇ ಉಳಿದು ರಂಗಕ್ಕನ ಸೆರಗಿಗೆ ಗಂಟು ಹಾಕಿಕೊಟ್ಟು, ಅವಳ ಬದಲು ಲೋಟಗಳನ್ನು ತೊಳೆದಿಟ್ಟಳು. ಕಿಟಕಿಯಿಂದ ಗಾನವಿಯ ದನಿ ಕೇಳಿಸುತ್ತಿತ್ತು. “ಅದು ಪ್ರಬಂಧದಲ್ಲಿಲ್ಲ ಮೇಡಂ. ನಂಗೂ ಈಗ್ಲೇ ಗೊತ್ತಾಗಿದ್ದು,” ಎಂದಳು. ಅಷ್ಟರಲ್ಲಿ ಎಲ್ಲೋ ಗಂಟೆ ಬಾರಿಸಿ ಉಳಿದದ್ದು ಮುಳುಗಿಹೋಯಿತು. ಗಂಟೆಯ ಸದ್ದು ನಿಂತ ಮೇಲೆ ಕೇಳಿಸಿದ್ದು ಮೇಡಂ ನಗು. ದೊಡ್ಡದಾದ, ಆ ತೆಳ್ಳನೆಯ ಮೈಗೆ ಹೊಂದದ ನಗು.

ಕವರು ಅಂಟಿಸಿ, ಮೇಲೆ ಸಹಿ ಹಾಕಿ ಆದ ಮೇಲೆ ಮೇಡಂ ಹೊರಗೆ ಬಂದು ನೇರವಾಗಿ ದ್ರಾಕ್ಷಾಯಣಮ್ಮನ ಎದುರು ನಿಂತರು.

“ಕವರ್ ಅಂಟಿಸಾಯ್ತಮ್ಮ. ಕುಂಕುಮ ಏನಾದ್ರೂ ಉಳಿದಿದ್ಯಾ?”

ದ್ರಾಕ್ಷಾಯಣಮ್ಮ ಭರಣಿ ಬಿಚ್ಚಿದಳು. ಮೇಡಂ ಕನ್ನಡಕ ತೆಗೆದು ತಲೆ ಬಗ್ಗಿಸಿದರು. ಹಣೆಗಿಟ್ಟ ಮೇಲೂ ಅಮ್ಮ ಕೈ ತೆಗೆಯದೆ, “ನಮ್ ಹುಡ್ಗಿ ಪಾಸಾ?” ಎಂದು ಪಿಸುಗುಟ್ಟಿದಳು.

“ಅದನ್ನ ನಾನು ಹೇಳೋ ಹಾಗಿಲ್ಲ. ಅದೂ ರೂಲ್ಸು,” ಎಂದರು ಮೇಡಂ. ಹೇಳುವ ಅಗತ್ಯವೂ ಇರಲಿಲ್ಲ. ಅವರ ಹಿಂದೆ ನಿಂತಿದ್ದ ಹಾಲಸ್ವಾಮಿ ಸರ್ ಮುಖವೆಲ್ಲ ಹಲ್ಲಾಗಿದ್ದರು. ಹೊರಡುವ ಮುನ್ನ ಮೇಡಂ ಮಧುಶ್ರೀಯ ಹೆಸರು ಕೇಳಿದರು. ಅವಳು ಹೇಳಿದಳು. ಇನ್ನೊಮ್ಮೆ ಕೇಳಬೇಕಾಗಲಿಲ್ಲ.

ಗಾನವಿಯನ್ನು ಬಿಟ್ಟು ಕೊಬ್ಬರಿ ಮಾರುಕಟ್ಟೆಗೆ ಹೋಗಿದ್ದ ಜ್ಞಾನೇಶ ಬರುವುದು ತಡವೆಂದು ಗೊತ್ತಾದಾಗ ಮೂವರೂ ಬಸ್ಸಿನಲ್ಲೇ ಹೊರಟರು. ತಿಪಟೂರು ದಾಟುವ ಮೊದಲೇ ಗಾನವಿ ಅತ್ತೆಯ ಹೆಗಲಿಗೆ ತಲೆಯಿಟ್ಟು ಬಾಯಿ ತೆರೆದುಕೊಂಡು ನಿದ್ದೆ ಹೋದಳು. ಬಸ್ಸು ಕುಲುಕಿದಾಗ ಅವಳ ತಲೆ ಜಾರದಂತೆ ದ್ರಾಕ್ಷಾಯಣಮ್ಮ ಅಂಗೈ ಕೊಟ್ಟಿದ್ದಳು. ಅವಳ ತೊಡೆಯ ಮೇಲೆ ಗಾನವಿ ತನಗೆಂದು ಇಟ್ಟುಕೊಂಡಿದ್ದ ಪ್ರಬಂಧದ ಪ್ರತಿ. ರಟ್ಟಿನ ಮೇಲಿನ ಬಂಗಾರದ ಬಣ್ಣದ ಅಕ್ಷರಗಳ ಮೇಲೆ ಇನ್ನೊಂದು ಕೈಯ ಬೆರಳಾಡಿಸುತ್ತಿದ್ದಳು. ಅವಳಿಗೆ ಓದಲು ಬರುತ್ತಿರಲಿಲ್ಲ.

“ಅದೇನ್ ಬರ್ದವ್ಳೆ ಇದ್ರಲ್ಲಿ, ಒಂದೀಟು ಓದೇ,” ಎಂದು ಅದನ್ನು ಮಗಳ ತೊಡೆಗೆ ದಾಟಿಸಿದಳು.

ಬೆಳಿಗ್ಗೆ ಚೀಲವಿದ್ದ ಜಾಗದಲ್ಲಿ ಪುಸ್ತಕ ಕೂತಿತು. ಮಧುಶ್ರೀ ಮೊದಲ ಪುಟ ತೆರೆದಳು. ಹತ್ತಿರ ಹಿಡಿದು, ಪದದ ಕೆಳಗೆ ಬೆರಳಿಟ್ಟು, ತನಗಷ್ಟೇ ಎಂಬಂತೆ ಓದತೊಡಗಿದಳು. ಬಸ್ಸಿನ ಸದ್ದಿಗೆ ಮೊದಲ ಸಾಲು ಕರಗಿಹೋಯಿತು.

“ಕೇಳುಸ್ತಿಲ್ಲ ಕಣೇ.”

ಮಧುಶ್ರೀ ಮತ್ತೆ ಮೊದಲಿನಿಂದ ಓದಿದಳು. ಈ ಸಲ ದನಿ ಎತ್ತರಿಸಿದಳು. ಮುಂದಿನ ಸೀಟಿನಲ್ಲಿ ತಲೆತುಂಬ ಸೆರಗು ಹೊದ್ದು ಕೂತಿದ್ದ ಹೆಂಗಸು ಸ್ವಲ್ಪ ಈ ಕಡೆ ವಾಲಿ, ಕಿವಿಯ ಮೇಲಿದ್ದ ಸೆರಗನ್ನು ಮೆಲ್ಲಗೆ ಹಿಂದಕ್ಕೆ ಸರಿಸಿಕೊಂಡಳು.