ಗೂಟ ಹಿಡಿದವಳು

"ಏಯ್ ಮುದಿಗೂಬೆ, ಗೂಟ ಬಿಟ್ಟು ಎದ್ಯೋ, ಸೊಂಟ ಮುರೀತೀನಿ!"

ಮೈದಾನದ ಮ್ಯಾನೇಜರ್ ಛತ್ರಿಯ ಕೆಳಗಿನಿಂದಲೇ ಗದರಿದ. ಏಳಲು ಅರ್ಧ ಮೈ ಎತ್ತಿದ್ದ ಅತ್ತೆ ಮತ್ತೆ ಕುಕ್ಕರಿಸಿದಳು. ಓಟದ ಟ್ರ್ಯಾಕಿನ ತಿರುವಿಗೆ ಗೆರೆ ಹಾಕುವ ಕೆಲಸ ನಡೆದಿತ್ತು. ನಡುವೆ ಒಂದು ಗೂಟ, ಗೂಟಕ್ಕೆ ಟೇಪು ಹಿಡಿದು ಅಳೆದ ಹಗ್ಗ. ಹಗ್ಗದ ಇನ್ನೊಂದು ತುದಿಯನ್ನು ಬಿಗಿಯಾಗಿ ಎಳೆದುಕೊಂಡು ಸೊಸೆ ತೂತು ಡಬ್ಬದಿಂದ ಸುಣ್ಣ ಉದುರಿಸುತ್ತಾ ಸುತ್ತಬೇಕು. ನೆಲ ಸಡಿಲ, ಗೂಟ ನಿಲ್ಲುವುದಿಲ್ಲ. ಹಾಗಾಗಿ ಬೆಳಗಿನಿಂದ ಅತ್ತೆ ಅದನ್ನು ಎರಡೂ ಕೈಯಿಂದ ಅವುಚಿಕೊಂಡು ಕೂತಿದ್ದಳು. ಅವಳು ಅಲುಗಿದರೆ ತಿರುವು ಸೊಟ್ಟ. ಇಡೀ ಮೈದಾನವೇ ಅವಳ ಸುತ್ತ ತಿರುಗುತ್ತಿತ್ತು. ಇಷ್ಟು ಮರ್ಯಾದೆ ಅವಳಿಗೆ ಮದುವೆಯ ದಿನವೂ ಸಿಕ್ಕಿರಲಿಲ್ಲ.

"ಸಾರ್, ಒಂದಕ್ಕೆ ಹೋಗ್ಬೇಕು."

"ಎಲ್ಲಿಗೆ? ಆ ಕಕ್ಕಸ್ಸು ಅತಿಥಿಗಳಿಗೆ ಅಂತ ತೊಳೆಸಿ ಬೀಗ ಹಾಕ್ಸಿದೀನಿ. ನೀನು ಹೋದ್ಮೇಲೆ ಅದರೊಳಗೆ ಯಾರು ಕಾಲಿಡ್ತಾರೆ?"

"ನಿನ್ನೆ ತೊಳೆದಿದ್ದು ನಾನೇ ಕಣಪ್ಪ. ಕಾಲಿಟ್ಟೇ ತೊಳೆದೆ."

ಪಕ್ಕದಲ್ಲಿದ್ದ ಕೋಚ್ ಕಿಸಕ್ಕನೆ ನಕ್ಕ. ಮ್ಯಾನೇಜರನಿಗೆ ಉರಿಯಿತು.

"ಸಾಯಂಕಾಲ ಸಾಹೇಬ್ರು ಬರ್ತಾರೆ. ಎಂಟೂ ಲೇನು ಮುಗಿಯೋ ತನಕ ಬಿಗಿಯಾಗಿ ಹಿಡ್ಕೊಂಡು ಕೂತ್ಕೋ. ಗೂಟಾನೂ, ಅದನ್ನೂ."

ಅತ್ತೆಯ ಸಿಟ್ಟು ಸೊಸೆಯ ಮೇಲೆ ತಿರುಗಿತು. "ಲೇ, ಬೇಗ ಸುತ್ತೇ! ಮೆರವಣಿಗೆ ಹೊರಟವಳ ಥರ ಕುಂಡಿ ಕುಣಿಸ್ಕೊಂಡು ಹೋಗ್ತೀಯಲ್ಲ!"

"ಬೇಗ ಹೋದ್ರೆ ಗೆರೆ ಸೊಟ್ಟ ಆಗುತ್ತೆ. ಮತ್ತೆ ಮೊದಲಿಂದ ಸುತ್ತಿಸ್ತಾನೆ ಆ ಬೇವರ್ಸಿ. ಒಂಚೂರು ತಡ್ಕೊಳಿ ಅತ್ತೆ."

ಮನೆಯಲ್ಲಿ ಇಬ್ಬರಿಗೂ ಎಣ್ಣೆ ಸೀಗೆಕಾಯಿ. ಈ ಮುದುಕಿಯ ಬಾಯಿ ಒಮ್ಮೆ ನಿಂತರೆ ಸಾಕಪ್ಪ ಎಂದು ಸೊಸೆ ಎಷ್ಟೋ ಸಲ ಬೇಡಿಕೊಂಡಿದ್ದಳು. ಐದನೇ ಗೆರೆಯ ಹೊತ್ತಿಗೆ ಅದು ನಿಜಕ್ಕೂ ನಿಂತುಹೋಯಿತು. ಸೊಸೆ ಗಕ್ಕನೆ ನಿಂತಳು. ತಿರುಗಿ ನೋಡಿದರೆ ಅತ್ತೆಯ ಬಟ್ಟೆಯ ಕೆಳಗೆ ಗೂಟದ ಬುಡ ಒದ್ದೆಯಾಗುತ್ತಿತ್ತು. ಅತ್ತೆ ಗೂಟ ಬಿಟ್ಟಿರಲಿಲ್ಲ. ತಲೆ ತಗ್ಗಿಸಿದ್ದಳು.

"ಥೂ, ಹೊಲಸು ಮುಂಡೆ!" ಮ್ಯಾನೇಜರ್ ಮೂಗು ಮುಚ್ಚಿಕೊಂಡ. "ಮಣ್ಣು ಎಳೆದು ಮುಚ್ಚು. ಏನೇ ನೋಡ್ತೀಯ ನೀನು, ಗೆರೆ ಹಾಕು!"

"ಹಾಕ್ತೀನಿ," ಎಂದಳು ಸೊಸೆ.

ಹಗ್ಗ ಬಿಸಾಡಿ ಎರಡೂ ಕೈಗೆ ಒಂದೊಂದು ಸುಣ್ಣದ ಡಬ್ಬ ಎತ್ತಿಕೊಂಡಳು. ಒದ್ದೆ ಗೂಟದಿಂದ ಶುರು ಮಾಡಿ, ತಾನೇ ಹಾಕಿದ್ದ ಗೆರೆಗಳನ್ನು ತುಳಿದುಕೊಂಡು, ಮ್ಯಾನೇಜರನ ಮಿರಮಿರ ಬೂಟಿನ ಮೇಲೆ, ಅತಿಥಿಗಳಿಗೆ ಹಾಸಿದ್ದ ಕೆಂಪು ಜಮಖಾನದ ಮೇಲೆ, ಮೆಟ್ಟಿಲ ಮೇಲೆ, ಕಕ್ಕಸಿನ ಬಾಗಿಲವರೆಗೂ ಜೋಡಿ ಗೆರೆ ಎಳೆದಳು. ಆಮೇಲೆ ಬಾಗಿಲಿಗೆ ಜಾಡಿಸಿ ಒದ್ದಳು. ಎರಡನೇ ಒದೆತಕ್ಕೆ ಬೀಗದ ಸಮೇತ ಚಿಲಕ ಕಿತ್ತು ಬಂತು.

"ಕೆಲಸದಿಂದ ಕಿತ್ತಾಕ್ತೀನಿ! ಇಬ್ರನ್ನೂ!" ಮ್ಯಾನೇಜರ್ ಅಡ್ಡ ನಿಂತ.

ಅಷ್ಟರಲ್ಲಿ ಅತ್ತೆ ಎದ್ದಿದ್ದಳು. ಎದ್ದವಳು ಗೂಟವನ್ನೂ ಕಿತ್ತುಕೊಂಡೇ ಬಂದಿದ್ದಳು. ಅದರ ಚೂಪು ನೋಡಿ ಅವನು ಪಕ್ಕಕ್ಕೆ ಸರಿದ. ಅವಳು ಎರಡು ಗೆರೆಗಳ ನಡುವೆ ನಿಂತು, ಒದ್ದೆ ಬಟ್ಟೆಯನ್ನು ಎತ್ತಿ ಕಟ್ಟಿಕೊಂಡಳು.

"ಇನ್ನೂ ಅರ್ಧ ಒಳಗೇ ಇದೆ ಕಣೇ. ಓಡ್ಲಾ?"

"ನಿಧಾನಕ್ಕೆ ಬನ್ನಿ ಅತ್ತೆ," ಸೊಸೆ ಬಾಗಿಲಿಂದ ಕೂಗಿದಳು. "ಪಕ್ಕದ ಲೇನಲ್ಲಿ ಯಾರೂ ಇಲ್ಲ."