ಒಂದು ಒಳ್ಳೆಯ ಸೋಲು ಬೇಕಾಗಿದೆ

ಹಲ್ಲಿನ ಡಾಕ್ಟರಮ್ಮನ ಮಗಳ ಕಡೆ ಯಾರೂ ಬೆರಳು ತೋರಿಸುವಂತಿರಲಿಲ್ಲ. ಗಣಿತದಲ್ಲಿ ಮೊದಲು, ಭಾಷಣದಲ್ಲಿ ಮೊದಲು, ಪಿಟೀಲು ಕೈಗೆ ಕೊಟ್ಟರೆ ಅದರಲ್ಲೂ ಮೊದಲು. ಹಾಗಾಗಿ ಸೀಟು ಗುರುಗಳು ಎಲ್ಲ ಪ್ರಶಸ್ತಿ ಪತ್ರಗಳನ್ನೂ ತಿರುವಿ ಹಾಕಿ, ತುಟಿ ಕಚ್ಚಿ, "ಒಂದು ದೊಡ್ಡ ಕೊರತೆ ಇದೆ ಮೇಡಂ" ಅಂದಾಗ ಡಾಕ್ಟರಮ್ಮ ಕುರ್ಚಿಯ ತುದಿಗೆ ಸರಿದಳು.

ಸೀಟು ಗುರುಗಳೆಂದರೆ, ನೂರು ಜನ ಬಾಗಿಲು ಬಡಿದರೆ ಮೂವರನ್ನು ಒಳಗೆ ಬಿಡುವ ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳಿಗೆ ಮಕ್ಕಳನ್ನು ದಾಟಿಸಿಕೊಡುವವರು. ಅವರು ಪಾಠ ಹೇಳುವುದಿಲ್ಲ, ಅದೆಲ್ಲ ಮಾಮೂಲಿ ಮೇಷ್ಟ್ರುಗಳ ಕೆಲಸ. ಅವರು ಮಗುವನ್ನು ‘ರೂಪಿಸುತ್ತಾರೆ’. ಅವರ ಕೋಣೆಯ ಗೋಡೆ ತುಂಬ ಹೀಗೆ ರೂಪುಗೊಂಡವರ ಫೋಟೋಗಳಿದ್ದವು, ಎಲ್ಲರ ಮುಖದಲ್ಲೂ ಒಂದೇ ನಗು. ಆ ಗೋಡೆಯೆದುರು ನಿಂತ ತಂದೆತಾಯಿಯರು ಕೈ ಮುಗಿಯುವುದೊಂದು ಬಾಕಿ.

"ಏನು ಕೊರತೆ ಸರ್?"

"ನಿಮ್ಮ ಹುಡುಗಿ ಯಾವುದರಲ್ಲೂ ಸೋತಿಲ್ಲ."

"ಅದು ಒಳ್ಳೇದಲ್ವಾ?"

"ಮುಂಚೆ ಒಳ್ಳೇದಾಗಿತ್ತು. ಈಗ ಗೆದ್ದವರನ್ನ ನೋಡಿ ನೋಡಿ ಯೂನಿವರ್ಸಿಟಿಯವರಿಗೂ ಸಾಕಾಗಿದೆ. ಅರ್ಜಿ ಜೊತೆ ಬರೆಯೋ ಪ್ರಬಂಧದಲ್ಲಿ ಕೇಳೋದೇ ಅದು, ನಿನ್ನ ಸೋಲಿಂದ ಏನು ಕಲಿತೆ ಅಂತ. ಸೋಲೇ ಇಲ್ಲ ಅಂದ್ರೆ ಬರೆಯೋದೇನು? ಒಂದು ಒಳ್ಳೆ ಸೋಲು ಬೇಕು ಮೇಡಂ. ನಾಲ್ಕು ಜನರ ಎದುರು ಆಗ್ಬೇಕು, ಮಗುಗೆ ನೋವೂ ಆಗ್ಬೇಕು."

ಮನೆಗೆ ಬಂದವಳೇ ಗಂಡನನ್ನು ಕೂರಿಸಿಕೊಂಡಳು. ಆತನದು ಕನ್ನಡಕದ ಅಂಗಡಿ. ಇದರಲ್ಲಿ ಚೆನ್ನಾಗಿ ಕಾಣುತ್ತಾ, ಅದರಲ್ಲಿ ಚೆನ್ನಾಗಿ ಕಾಣುತ್ತಾ ಎಂದು ಊರವರನ್ನೆಲ್ಲ ಕೇಳುತ್ತಿದ್ದ ಮನುಷ್ಯನಿಗೆ, ಮನೆಯಲ್ಲಿ ತನ್ನದೆಂಬ ಒಂದು ಅಭಿಪ್ರಾಯವೂ ಇರಲಿಲ್ಲ.

"ಅಡುಗೇಲಿ ಸೋಲ್ಲಿ ಬಿಡು. ಮೊಟ್ಟೆ ಬೇಯಿಸೋಕೂ ಬರಲ್ಲ ಅವಳಿಗೆ."

"ರೀ, ಮೊಟ್ಟೆ ಕಥೆ ಬರೆದವಳಿಗೆ ಯಾರು ಸೀಟು ಕೊಡ್ತಾರೆ?"

"ಚಿತ್ರಕಲೆ?"

"ಅದರಲ್ಲಿ ಸೋತ್ರೆ ಯಾರಿಗೆ ನೋವು? ಅವಳಿಗೆ ಇಷ್ಟ ಇರೋದ್ರಲ್ಲೇ ಸೋಲ್ಬೇಕಂತೆ."

ಇಷ್ಟವಿರುವುದು ಯಾವುದೆಂದು ಇಬ್ಬರೂ ತಲೆ ಕೆರೆದುಕೊಂಡರು. ಪಿಟೀಲು ಅಮ್ಮನ ಇಷ್ಟ. ಗಣಿತ ಸೀಟಿಗಾಗಿ. ಹೆತ್ತವರಿಬ್ಬರು ಮಗಳ ಇಷ್ಟವನ್ನು ಹೀಗೆ ಹುಡುಕುತ್ತ ಕೂತದ್ದು ಹದಿನೇಳು ವರ್ಷಗಳಲ್ಲಿ ಅದೇ ಮೊದಲು. ಕೊನೆಗೆ ಅಪ್ಪ ಮೆಲ್ಲಗೆ, "ಓಡ್ತಾಳಲ್ಲ" ಎಂದ.

ಹೌದು, ಓಡುತ್ತಿದ್ದಳು. ಶಾಲೆಯ ಎಂಟುನೂರು ಮೀಟರ್ ಓಟದಲ್ಲಿ ನಾಲ್ಕು ವರ್ಷದಿಂದ ಅವಳೇ ಮೊದಲು. ಓಡು ಎಂದು ಯಾರೂ ಹೇಳಿರಲಿಲ್ಲವಾದ್ದರಿಂದ ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಡಾಕ್ಟರಮ್ಮ ಒಮ್ಮೆಯೂ ನೋಡಲು ಹೋದವಳಲ್ಲ. ಕ್ರೀಡಾದಿನ ಬರುವುದು ಶನಿವಾರ, ಶನಿವಾರವೇ ಆಕೆಗೆ ರೋಗಿಗಳು ಜಾಸ್ತಿ.

ಹುಡುಗಿ ಬಚ್ಚಲಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಓಟದ ಬೂಟು ತಿಕ್ಕುತ್ತಿದ್ದಳು. ಆ ಮನೆಯಲ್ಲಿ ಬ್ರಷ್ಷಿಗೇನು ಬರಗಾಲ.

"ಪುಟ್ಟೀ, ಈ ಸಲ ಓಟದಲ್ಲಿ ಒಂಚೂರು ಹಿಂದೆ ಬೀಳೋಕಾಗುತ್ತಾ?"

ಹುಡುಗಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕೈ ನಿಂತಿತು. "ಬೇಕಂತ ಸೋಲೋದಾ?"

"ಒಂದೇ ಒಂದು ಸಲ. ಆಮೇಲೆ ಜೀವನಪೂರ್ತಿ ಗೆಲ್ಲು, ಯಾರು ಬೇಡ ಅಂತಾರೆ?"

"ಅದೊಂದನ್ನ ಬಿಟ್ಬಿಡಮ್ಮ. ಬೇರೆ ಏನು ಹೇಳಿದ್ರೂ ಮಾಡ್ತೀನಿ. ಅದು ನಂದು."

"ನಿಂದು ಅನ್ನೋದಕ್ಕೇ ಕಣೆ ಬೇಕಾಗಿರೋದು," ಎಂದಳು ಡಾಕ್ಟರಮ್ಮ, ಸ್ವಲ್ಪವೂ ನೋವಾಗುವುದಿಲ್ಲ ಎಂದು ರೋಗಿಗಳಿಗೆ ಹೇಳುವ ದನಿಯಲ್ಲಿ. "ನಾನೂ ಬರ್ತೀನಿ ನೋಡೋಕೆ."

ಹುಡುಗಿ ತಲೆಯೆತ್ತಿದಳು. "ನಿಜವಾಗ್ಲೂ ಬರ್ತೀಯಾ?"

ಆ ಒಂದು ಮಾತಿಗೆ ಅವಳು ಒಪ್ಪಿಕೊಂಡಳು. ತನ್ನ ಮಾತಿನ ಜಾಣತನಕ್ಕೇ ಒಪ್ಪಿದಳೆಂದು ಡಾಕ್ಟರಮ್ಮ ಬೀಗಿದಳು.

ಶನಿವಾರ ಮೈದಾನದ ಬೆಂಚುಗಳು ಭರ್ತಿಯಾಗಿದ್ದವು. ಹುಡುಗಿಯರ ಓಟಕ್ಕೆ ಇಷ್ಟು ಜನವೇ ಎಂದುಕೊಂಡಳು ಡಾಕ್ಟರಮ್ಮ. ಪಕ್ಕದಲ್ಲಿದ್ದ ವಕೀಲರು, ಹಿಂದಿದ್ದ ಎಂಜಿನಿಯರ್ ದಂಪತಿ, ಇವರನ್ನೆಲ್ಲ ಎಲ್ಲೋ ನೋಡಿದ್ದಳು. ಸೀಟಿ ಊದಿದಾಗ ನೆನಪಾಯಿತು, ಗುರುಗಳ ಕೋಣೆಯ ಹೊರಗಿನ ಸೋಫಾದ ಮೇಲೆ.

ಎಂಟು ಹುಡುಗಿಯರೂ ಗಾಳಿ ಸೇವನೆಗೆ ಹೊರಟವರಂತೆ ಹೊರಟರು. ಒಬ್ಬಳ ಬೂಟಿನ ದಾರ ನಿಮಿಷಕ್ಕೊಮ್ಮೆ ಬಿಚ್ಚಿಕೊಂಡಿತು. ಒಬ್ಬಳು ಪಕ್ಕೆ ಹಿಡಿದುಕೊಂಡಳು. ಇನ್ನೊಬ್ಬಳು ಮೊದಲ ಸುತ್ತಿನಲ್ಲಿ ಎಡಗಾಲು ಕುಂಟಿದವಳು ಎರಡನೆಯ ಸುತ್ತಿನಲ್ಲಿ ಬಲಗಾಲು ಕುಂಟಿದಳು.

"ಏನ್ರಮ್ಮಾ, ಮೆರವಣಿಗೆ ಹೊರಟಿದೀರಾ?" ಎಂದು ಪಿ.ಟಿ. ಮೇಷ್ಟ್ರು ಗಂಟಲು ಹರಿದುಕೊಂಡರು.

"ನಮ್ಮವಳಿಗೆ ಬೆಳಿಗ್ಗೆಯಿಂದ ಜ್ವರ," ಎಂದರು ವಕೀಲರು, ಮಗಳಿಗೆ ಪದಕ ಬಂದವರ ಹಾಗೆ.

ಡಾಕ್ಟರಮ್ಮನ ಮಗಳು ಮಾತ್ರ ಏನು ಮಾಡಿದರೂ ಮುಂದಿದ್ದಳು. ಎಷ್ಟು ಮೆಲ್ಲಗೆ ಇಟ್ಟರೂ ಆ ಕಾಲು ಮುಂದಕ್ಕೇ ಬೀಳುತ್ತಿತ್ತು. ಈ ದಡ್ಡಿಯರೆಲ್ಲ ತನ್ನ ಮಗಳಿಗಿಂತ ಚೆನ್ನಾಗಿ ಸೋಲುತ್ತಿದ್ದಾರಲ್ಲ. ಡಾಕ್ಟರಮ್ಮ ಮಾನ ಮರ್ಯಾದೆ ಬದಿಗಿಟ್ಟು ಎದ್ದು ನಿಂತು ಕೂಗಿದಳು: "ನಿಧಾನ ಪುಟ್ಟೀ, ನಿಧಾನ."

ಕೊನೆಯ ಗೆರೆಗೆ ಒಂದು ಹೆಜ್ಜೆ ಇರುವಾಗ ಹುಡುಗಿ ನಿಂತುಬಿಟ್ಟಳು. ಹಿಂದಿನಿಂದ ಬಂದವರೂ ಒಬ್ಬೊಬ್ಬರಾಗಿ ಬಂದು ಪಕ್ಕದಲ್ಲಿ ನಿಂತರು. ನೀನು ಹೋಗು, ಇಲ್ಲ ಇಲ್ಲ, ನೀನೇ ಹೋಗು ಎಂದು ಉಪಚಾರ ನಡೆಯಿತು. ಮೇಷ್ಟ್ರು ಸೀಟಿಯನ್ನು ಜೇಬಿಗೆ ಹಾಕಿಕೊಂಡು ಹುಲ್ಲಿನ ಮೇಲೆ ಕೂತರು.

ಹುಡುಗಿ ಬೆಂಚಿನ ಕಡೆ ನೋಡಿದಳು. ಡಾಕ್ಟರಮ್ಮ ಅಂಗೈ ತೋರಿಸಿ, ತಡಿ, ಎಂದಳು. ಹುಡುಗಿ ಆ ಕೈಯನ್ನೇ ಒಂದು ಗಳಿಗೆ ನೋಡಿ, ನಡೆದುಕೊಂಡು ಗೆರೆ ದಾಟಿದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಉಳಿದ ಏಳು ಜನರ ಹೆತ್ತವರಿಗೆ ಹೋದ ಜೀವ ಬಂದಂತಾಯಿತು.

"ನಾಲ್ಕು ವರ್ಷ ಗೆದ್ದಾಗೆಲ್ಲ ಆ ಬೆಂಚ್ ಕಡೆ ನೋಡ್ತಿದ್ದೆ, ನೀನು ಬಂದಿರ್ತೀಯೇನೋ ಅಂತ," ಎಂದಳು ಮನೆಯಲ್ಲಿ. "ಇವತ್ತು ಬಂದು ಕೈ ಅಡ್ಡ ಹಿಡಿದೆ. ಇನ್ಮೇಲೆ ನನ್ನ ಹತ್ರ ಮಾತಾಡ್ಬೇಡ." ಬೂಟು ಕಸದ ಡಬ್ಬಿಗೆ ಬಿತ್ತು, ಕೋಣೆಯ ಬಾಗಿಲು ಮುಚ್ಚಿತು.

ವಾರವಾದರೂ ಮಾತಿಲ್ಲ. ಅಪ್ಪ ತಟ್ಟೆ ಹಿಡಿದು ಬಾಗಿಲವರೆಗೆ ಹೋಗುವುದು, ಅರ್ಧ ತಿಂದ ತಟ್ಟೆ ತರುವುದು. ಡಾಕ್ಟರಮ್ಮನಿಗೆ ನಿಜಕ್ಕೂ ಸಂಕಟವಾಯಿತು. ಯಾರದೋ ಹುಳುಕು ಹಲ್ಲು ತುಂಬುತ್ತಿರುವಾಗ ಕಣ್ಣು ಮಂಜಾಗಿ ಕೈ ನಿಲ್ಲುತ್ತಿತ್ತು. ಈ ಸಂಕಟವನ್ನು ಯಾರ ಹತ್ತಿರ ಹೇಳಿಕೊಳ್ಳಬೇಕು? ಆಕೆ ಹೋದದ್ದು ಸೀಟು ಗುರುಗಳ ಹತ್ತಿರ.

"ಮಾತೇ ಆಡ್ತಿಲ್ವಾ?" ಗುರುಗಳು ಕುರ್ಚಿ ಮುಂದಕ್ಕೆಳೆದರು. "ಅಳ್ತಾಳಾ?"

"ಬಾಗಿಲು ಹಾಕ್ಕೊಂಡು ಅಳ್ತಾಳೆ ಸರ್."

"ಓಡೋದು?"

"ಬಿಟ್ಟೇಬಿಟ್ಲು."

ಗುರುಗಳ ಮುಖ ಅರಳಿತು. "ಮೇಡಂ, ಇದು ಸೋಲು ಅಂದ್ರೆ. ತಾಯಿ ಇದ್ದೂ ತಾಯಿನ ಕಳ್ಕೊಂಡ ಹುಡುಗಿ. ಆ ಏಳು ಜನರ ಹತ್ರ ಏನಿದೆ, ಬರೀ ಕುಂಟು ಕಾಲು."

"ಅವರೂ ನಿಮ್ಮ ಹತ್ರಾನೇ ಬರ್ತಾರಾ ಸರ್?"

"ನನಗೆ ಎಲ್ಲ ಮಕ್ಕಳೂ ಒಂದೇ," ಎಂದರು ಗುರುಗಳು, ಎದೆಯ ಮೇಲೆ ಕೈಯಿಟ್ಟು. "ಒಂದು ಮಾತು ನೆನಪಿಟ್ಕೊಳಿ. ಅವಳು ಪ್ರಬಂಧ ಬರೆದು ಮುಗಿಸೋವರೆಗೂ ರಾಜಿ ಆಗ್ಬೇಡಿ. ರಾಜಿ ಆದ್ರೆ ಬರವಣಿಗೆ ಸಪ್ಪೆಯಾಗುತ್ತೆ."

ಉಗಿದು ಎದ್ದು ಬರಬೇಕಿತ್ತು. ಆಕೆ, "ಎಲ್ಲೀವರೆಗೆ ಸರ್?" ಎಂದು ಕೇಳಿದಳು.

"ಅರ್ಜಿ ಹೋಗೋವರೆಗೆ, ಚಳಿಗಾಲ ಮುಗಿಯೋವರೆಗೆ."

ಆ ಸಂಜೆ ಡಾಕ್ಟರಮ್ಮ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ಹಿಂದೆ ಹೆಜ್ಜೆ ಸಪ್ಪಳವಾಯಿತು. ಎದುರಿನ ಕಿಟಕಿಯ ಗಾಜಿನಲ್ಲಿ ನೋಡಿದರೆ, ಬೆನ್ನ ಹಿಂದೆಯೇ ಮಗಳು ನಿಂತಿದ್ದಳು. ತಲೆ ಬಾಚಿರಲಿಲ್ಲ, ಮುಖ ಊದಿಕೊಂಡಿತ್ತು.

"ಅಮ್ಮ, ಆಯ್ತು ಬಿಡು," ಎಂದಳು. "ನಿನ್ನ ಹತ್ರ ಮಾತಾಡ್ದೆ ಇರೋಕಾಗ್ತಿಲ್ಲ ನಂಗೆ. ಹಸಿವಾಗ್ತಿದೆ. ಏನಾದ್ರೂ ಮಾಡ್ಕೊಡ್ತೀಯಾ?"

ಡಾಕ್ಟರಮ್ಮ ತಿರುಗಿ ಕೈ ಚಾಚಿದ್ದರೆ ಮಗಳು ಸಿಗುತ್ತಿದ್ದಳು, ಅಷ್ಟು ಹತ್ತಿರ. ಚಳಿಗಾಲ ಇನ್ನೂ ಶುರುವೇ ಆಗಿರಲಿಲ್ಲ. ಆಕೆ ತಿರುಗಲಿಲ್ಲ, ನಲ್ಲಿಯನ್ನು ಇನ್ನಷ್ಟು ಜೋರಾಗಿ ಬಿಟ್ಟು, ತೊಳೆದಿದ್ದ ಲೋಟವನ್ನೇ ಮತ್ತೆ ತೊಳೆಯತೊಡಗಿದಳು.